ಹವ್ಯಾಸಿ ಯಕ್ಷಗಾನ ಕಲಾವಿದರ ದೇಹಸಿದ್ಧತೆ: ಮಂಡಿ, ಕಂಠ, ಕಿವಿ, ನಿದ್ದೆಗಳ ಬಗ್ಗೆ ಅನುಭವಿಗಳ ಅಭಿಪ್ರಾಯ ಬೇಕು

ತೆಂಕಿನ ಹವ್ಯಾಸಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಮೇಳಗಳು (ವೃತ್ತಿಪರ ತಂಡಗಳು) ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮಂಥ ಹವ್ಯಾಸಿಗಳ ಕಾಲ ಆರಂಭವಾಗುತ್ತದೆ. ಮಳೆಗಾಲದುದ್ದಕ್ಕೂ ನಾಟ್ಯ ತರಗತಿ ಮತ್ತು ತಾಳಮದ್ದಳೆ (ವೇಷ, ಕುಣಿತಗಳಿಲ್ಲದ ಮಾತಿನ ಕೂಟ), ಆಮೇಲೆ ಚೌತಿ, ನವರಾತ್ರಿಯ ಆಟಗಳು (ಯಕ್ಷಗಾನ ಪ್ರದರ್ಶನಗಳು), ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳು, ಹೀಗೆ ವರ್ಷದ ಅರ್ಧಭಾಗ ತುಂಬಿಹೋಗುತ್ತದೆ. ಅದಕ್ಕೆ ಮುನ್ನ ಈ ವಿಷಯವನ್ನು ಚರ್ಚೆಗೆ ಇಡುತ್ತಿದ್ದೇನೆ.

ನಮ್ಮ ಹವ್ಯಾಸಿ ತಂಡಗಳಲ್ಲಿ ನಲವತ್ತು ದಾಟಿದವರು ಒಬ್ಬೊಬ್ಬರಾಗಿ ವೇಷದಿಂದ ಹಿಂದೆ ಸರಿಯುವುದನ್ನು ನೀವೂ ಕಂಡಿರುತ್ತೀರಿ. ಅವರಿಗೆ ಆಸಕ್ತಿ ಕುಂದಿರುವುದಿಲ್ಲ, ಪದ್ಯ ಮರೆತಿರುವುದಿಲ್ಲ, ಅರ್ಥ (ಪದ್ಯವನ್ನು ವಿಸ್ತರಿಸಿ ಆಡುವ ಮಾತು) ಇನ್ನಷ್ಟು ಮಾಗಿರುತ್ತದೆ. ಮಂಡಿ, ಸೊಂಟ, ರಕ್ತದೊತ್ತಡ, ಒಡೆದ ಸ್ವರ, ಇವುಗಳಲ್ಲಿ ಯಾವುದೋ ಒಂದು ಅವರನ್ನು ರಂಗಸ್ಥಳದಿಂದ ಇಳಿಸಿಬಿಡುತ್ತದೆ. ಪಾತ್ರವನ್ನು ನಿಜವಾಗಿ ಅರಿತುಕೊಳ್ಳುವ ವಯಸ್ಸಿನಲ್ಲಿಯೇ ಹೀಗಾಗುತ್ತಿರುವುದು ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ.

ಮೇಳದ ಕಲಾವಿದರು ತಿರುಗಾಟದ ಆರು ತಿಂಗಳು ಹೆಚ್ಚುಕಡಿಮೆ ಪ್ರತಿ ರಾತ್ರಿ ಕುಣಿಯುತ್ತಾರೆ. ಅವರ ಕಾಲು, ಉಸಿರು, ಕಂಠ ಆ ಶ್ರಮಕ್ಕೆ ಒಗ್ಗಿಕೊಂಡಿರುತ್ತವೆ. ನಾವು ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕುಳಿತು, ಭಾನುವಾರ ಒಮ್ಮೆಲೇ ಧೀಂಗಿಣ (ಗಾಳಿಯಲ್ಲಿ ತಿರುಗುವ ಜಿಗಿತ) ಹೊಡೆಯಲು ನಿಲ್ಲುತ್ತೇವೆ. ಅವರ ಕುಣಿತವನ್ನು ಅನುಕರಿಸುವ ನಾವು ಅದರ ಹಿಂದಿರುವ ದೇಹವನ್ನು ಗಳಿಸಿಕೊಳ್ಳುವುದಿಲ್ಲ. ಆದ್ದರಿಂದ ಆರೋಗ್ಯವನ್ನು ನೋಡಿಕೊಳ್ಳುವುದು ಹವ್ಯಾಸಿಯ ಪಾಲಿಗೆ ಹೆಜ್ಜೆಗಾರಿಕೆಯಷ್ಟೇ ಮುಖ್ಯವಾದ ಅಭ್ಯಾಸವೆಂಬುದು ನನ್ನ ನಿಲುವು. ಈ ಬಗ್ಗೆ ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮಲೆನಾಡ ಅರ್ಥಧಾರಿ, ಶಿರಸಿ

ತಮ್ಮಾ, ನಿನ್ನ ಕಾಳಜಿ ಮೆಚ್ಚತಕ್ಕದ್ದೇ. ಆದರೂ ಹಿರಿಯನಾಗಿ ಒಂದು ಮಾತು ಕೇಳುತ್ತೇನೆ. ನಮ್ಮ ಹಿಂದಿನವರು ವ್ಯಾಯಾಮಶಾಲೆಗೆ ಹೋದವರಲ್ಲ, ವೈದ್ಯರ ಸಲಹೆ ಪಡೆದು ಗೆಜ್ಜೆ ಕಟ್ಟಿದವರೂ ಅಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದಾಗ ಎಂಬತ್ತರ ಹತ್ತಿರದಲ್ಲಿದ್ದರು; ಆ ನಂತರವೂ ಅವರ ವೇಷವನ್ನು ನೋಡಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದೇವೆ. ಕಲೆಯೇ ದೇಹವನ್ನು ಕಾಯುತ್ತದೆ, ಕುಣಿಯುತ್ತಲೇ ಕಾಲು ಗಟ್ಟಿಯಾಗುತ್ತದೆ ಎಂಬುದು ನಾನು ನಂಬಿ ಬಂದದ್ದು. ಈಗಿನವರು ನೋವಿನ ಮಾತನ್ನೇ ಹೆಚ್ಚು ಆಡುತ್ತಾ ಹೋದರೆ ಕುಣಿತದ ಧೈರ್ಯವೇ ಕುಗ್ಗಬಹುದೆಂಬ ಅಂಜಿಕೆ ನನಗಿದೆ.

ಕುಂದಾಪುರದ ಫಿಸಿಯೋಥೆರಪಿಸ್ಟ್

ಹಿರಿಯರಿಗೆ ನಮಸ್ಕಾರ. ಬಡಗುತಿಟ್ಟನ್ನು (ಯಕ್ಷಗಾನದ ಉತ್ತರದ ಶೈಲಿ; ದಕ್ಷಿಣದ್ದು ತೆಂಕು) ನೋಡುತ್ತಲೇ ಬೆಳೆದವಳು ನಾನು. ನಿಮ್ಮ ಮಾತಿನಲ್ಲಿ ಸತ್ಯವಿದೆ. ಅದನ್ನು ಒಪ್ಪಿಕೊಂಡೇ ಉತ್ತರಿಸುತ್ತೇನೆ.

ಹಿಂದಿನ ಕಲಾವಿದರು ಬಾಲ್ಯದಲ್ಲಿಯೇ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿದವರು. ಮೂಳೆ ಗಟ್ಟಿಗೊಳ್ಳುವ ವಯಸ್ಸಿನಲ್ಲಿಯೇ ಕುಣಿತದ ಭಾರ ಬಿದ್ದದ್ದರಿಂದ ಮೂಳೆ, ಸ್ನಾಯು, ಸ್ನಾಯುರಜ್ಜು ಎಲ್ಲವೂ ಆ ಭಾರಕ್ಕೆ ತಕ್ಕಂತೆ ಬೆಳೆದವು. ಹಗಲಿನಲ್ಲಿ ಗದ್ದೆ, ತೋಟದ ಕೆಲಸವಿತ್ತು. ವಾಹನಗಳಿಲ್ಲದ ಕಾಲದಲ್ಲಿ ಮೇಳದವರು ಊರಿಂದೂರಿಗೆ ನಡೆದೇ ಹೋಗುತ್ತಿದ್ದರು. ಅಂದರೆ ಅವರಿಗೆ ದೇಹಸಿದ್ಧತೆ ಇರಲಿಲ್ಲವೆಂದಲ್ಲ, ಅದು ದಿನನಿತ್ಯದ ಬದುಕಿನಲ್ಲಿಯೇ ಅಡಗಿತ್ತು. ಮೂವತ್ತೈದರಲ್ಲಿ ಕಲಿಯಲು ಬರುವ, ಕಚೇರಿಯಲ್ಲಿ ಕುಳಿತು ದುಡಿಯುವ ವ್ಯಕ್ತಿ ಅದನ್ನು ಪ್ರತ್ಯೇಕವಾಗಿಯೇ ಗಳಿಸಬೇಕಾಗುತ್ತದೆ.

ಈಗ ಮಂಡಿಯ ವಿಷಯ. ಮೆಟ್ಟಿಲು ಹತ್ತುವಾಗಲೇ ಮಂಡಿಚಿಪ್ಪಿನ ಕೀಲಿನ ಮೇಲೆ ದೇಹದ ತೂಕದ ಮೂರು ಪಟ್ಟಿನಷ್ಟು ಒತ್ತಡ ಬೀಳುತ್ತದೆ. ತೆಂಕಿನ ಧೀಂಗಿಣದಲ್ಲಿ ಗಾಳಿಯಲ್ಲಿ ತಿರುಗಿ ಇಳಿಯುವಾಗ, ಬಡಗಿನ ಮಂಡಿ ಕುಣಿತದಲ್ಲಿ ನೆಲಕ್ಕೆ ಮಂಡಿಯೂರಿ ಸುತ್ತುವಾಗ ಈ ಒತ್ತಡ ಇನ್ನೂ ಬಹಳ ಹೆಚ್ಚುತ್ತದೆ. ಅದರ ಮೇಲೆ ವೇಷಭೂಷಣದ ಭಾರವೂ ಸೇರುತ್ತದೆ. ಈ ಆಘಾತವನ್ನು ಹೀರಿಕೊಳ್ಳಬೇಕಾದದ್ದು ತೊಡೆಯ ಮುಂಭಾಗದ ಸ್ನಾಯು, ಪೃಷ್ಠದ ಸ್ನಾಯು ಮತ್ತು ಮೀನಖಂಡ. ಅವು ದುರ್ಬಲವಾಗಿದ್ದರೆ ಇಳಿಯುವಾಗ ಮಂಡಿ ಒಳಮುಖವಾಗಿ ಬಾಗುತ್ತದೆ, ಪೆಟ್ಟೆಲ್ಲವೂ ಕೀಲಿಗೆ ಬೀಳುತ್ತದೆ. ಕನ್ನಡಿಯ ಮುಂದೆ ನಿಂತು ಒಂದೇ ಕಾಲಿನಲ್ಲಿ ಸ್ವಲ್ಪ ಕುಸಿದು ನೋಡಿ. ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲುತ್ತಿದ್ದರೆ ನೀವಿನ್ನೂ ಧೀಂಗಿಣಕ್ಕೆ ಸಿದ್ಧರಿಲ್ಲವೆಂದೇ ತಿಳಿಯಬೇಕು.

ನನ್ನಲ್ಲಿಗೆ ಬರುವ ಹವ್ಯಾಸಿಗಳಿಗೆ ನಾನು ಹೇಳುವುದು ಸರಳವಾದದ್ದೇ: ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತ ಹಾಗೆ ನಿಲ್ಲುವುದು, ಒಂದು ಮೆಟ್ಟಿಲಿನಿಂದ ನಿಧಾನವಾಗಿ ಒಂದೇ ಕಾಲಿನ ಬಲದಲ್ಲಿ ಇಳಿಯುವುದು, ಹಿಮ್ಮಡಿ ಎತ್ತಿ ಇಳಿಸುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದು. ವಾರಕ್ಕೆ ಮೂರು ದಿನ ಸಾಕು. ಆದರೆ ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಂಡರೂ ಸ್ನಾಯುರಜ್ಜುಗಳು ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಆದ್ದರಿಂದ ನವರಾತ್ರಿಗೆ ವೇಷ ಮಾಡುವವರು ಜೂನಿನಲ್ಲಿಯೇ ಆರಂಭಿಸಬೇಕು. ತರಗತಿ ಸಿಮೆಂಟು ಅಥವಾ ಟೈಲ್ಸ್ ನೆಲದ ಮೇಲೆ ನಡೆಯುವುದಾದರೆ ಜಿಗಿತದ ಅಭ್ಯಾಸಕ್ಕಷ್ಟೇ ದಪ್ಪ ಚಾಪೆಯನ್ನೋ ಹಲಗೆಯ ನೆಲವನ್ನೋ ಹೊಂದಿಸಿಕೊಳ್ಳಿ. ಅಭ್ಯಾಸದ ಮರುದಿನ ಬೆಳಿಗ್ಗೆ ನೋವು ಹಿಂದಿಗಿಂತ ಹೆಚ್ಚಿದ್ದರೆ ಮುಂದಿನ ವಾರ ಜಿಗಿತ ಕಡಿಮೆ ಮಾಡಿ. ಮಂಡಿ ಊದಿಕೊಂಡರೆ, ನಡುವೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಹಠಾತ್ತನೆ ಕುಸಿದರೆ ಎಣ್ಣೆ ತಿಕ್ಕುತ್ತಾ ಕೂರದೆ ಮೂಳೆ ವೈದ್ಯರನ್ನು ಕಾಣಬೇಕು.

ನೋವಿನ ಮಾತು ಧೈರ್ಯಗೆಡಿಸುತ್ತದೆಂಬ ನಿಮ್ಮ ಅಂಜಿಕೆ ಸಹಜ, ಹಿರಿಯರೆ. ನಾನು ಕಂಡಂತೆ, ಕಾಲಿನ ಮೇಲೆ ನಂಬಿಕೆ ಇರುವವನೇ ಪಾತ್ರದ ಕಡೆಗೆ ಮನಸ್ಸು ಕೊಡಬಲ್ಲ. ನೋವನ್ನು ಮರೆಮಾಚಿ ಕುಣಿಯುವವನ ಗಮನವೆಲ್ಲ ಮುಂದಿನ ಹೆಜ್ಜೆಯ ಮೇಲೆಯೇ ಇರುತ್ತದೆ, ಅರ್ಜುನನೋ ಅಭಿಮನ್ಯುವೋ ಹಿಂದೆ ಸರಿದುಬಿಡುತ್ತಾನೆ.

ಮಲೆನಾಡ ಅರ್ಥಧಾರಿ, ಶಿರಸಿ

ತಂಗೀ, ಒಪ್ಪಿದೆ. ದುಡಿಮೆಯೇ ಸಾಧನೆಯಾಗಿತ್ತು ಎಂಬುದನ್ನು ನಾನು ಆ ರೀತಿ ಯೋಚಿಸಿರಲಿಲ್ಲ. ಕಂಠದ ಬಗ್ಗೆಯೂ ತಿಳಿದವರು ಬರೆಯಲಿ. ತಾಳಮದ್ದಳೆಯಲ್ಲಿ ಕುಣಿತವಿಲ್ಲದಿದ್ದರೂ ಗಂಟೆಗಟ್ಟಲೆ ಏರುದನಿಯಲ್ಲಿ ವಾದಿಸಬೇಕಾಗುತ್ತದೆ. ಮರುದಿನ ಫೋನಿನಲ್ಲಿ ಮಾತನಾಡಲೂ ಆಗದ ಸ್ಥಿತಿ ನಮ್ಮ ಕೂಟದ ಹಲವರಿಗೆ ಬರುತ್ತದೆ.

ಶಾಲಾ ಶಿಕ್ಷಕ, ಹವ್ಯಾಸಿ ಭಾಗವತ, ಪುತ್ತೂರು

ಹಿರಿಯರು ಸರಿಯಾದ ಕಡೆಗೇ ಬೆರಳು ತೋರಿಸಿದ್ದಾರೆ. ನನ್ನ ಕಂಠಕ್ಕೆ ಎರಡು ಉದ್ಯೋಗ. ಹಗಲಿಡೀ ತರಗತಿಯಲ್ಲಿ ಗದ್ದಲದ ಮೇಲೆ ಮಾತನಾಡಿ, ಸಂಜೆ ಕಪ್ಪು ಎರಡರ (ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ) ಶ್ರುತಿಯಲ್ಲಿ ಪದ್ಯ ಹೇಳಬೇಕು. ಆಟ ಇರುವ ವಾರಗಳಲ್ಲಿ ತಾರ ಷಡ್ಜ (ಮೇಲಿನ ‘ಸ’) ನಿಲ್ಲುತ್ತಿರಲಿಲ್ಲ, ಮಂದ್ರದಲ್ಲಿ ಸ್ವರ ಒಣಗಿದಂತೆ ಕೇಳುತ್ತಿತ್ತು. ತರಗತಿಯಲ್ಲಿ ಕೊರಳಿಗೆ ತೂಗುಹಾಕಿಕೊಳ್ಳುವ ಪುಟ್ಟ ಧ್ವನಿವರ್ಧಕವನ್ನು ಬಳಸಲು ಆರಂಭಿಸಿದ ಮೇಲೆ ನನ್ನ ಭಾಗವತಿಕೆಯಲ್ಲಿ ಆದಷ್ಟು ಸುಧಾರಣೆ ಬೇರಾವ ಅಭ್ಯಾಸದಿಂದಲೂ ಆಗಲಿಲ್ಲ. ಶಿಕ್ಷಕರಾಗಿದ್ದು ಹಾಡುವವರೆಲ್ಲರೂ ಇದನ್ನು ಮಾಡಿ ನೋಡಬೇಕೆಂದು ಒತ್ತಿ ಹೇಳುತ್ತೇನೆ.

ಕಂಠ ಕೆಟ್ಟಾಗ ಜ್ಯೇಷ್ಠಮಧು, ಶುಂಠಿ, ಕಲ್ಲುಸಕ್ಕರೆ ಎಂದು ಪ್ರತಿಯೊಬ್ಬರೂ ಒಂದೊಂದು ಮದ್ದು ಹೇಳುತ್ತಾರೆ. ಇವುಗಳ ಬಗ್ಗೆ ಬಲ್ಲವರು ತಿಳಿಸಬೇಕು.

ವಾಕ್ ಚಿಕಿತ್ಸಕಿ, ಮೈಸೂರು

ಭಾಗವತರೆ, ನೀವು ಕಂಡುಕೊಂಡದ್ದು ನಮ್ಮ ಶಾಸ್ತ್ರಕ್ಕೂ ಹೊಂದುತ್ತದೆ. ಕಪ್ಪು ಎರಡರ ತಾರ ಷಡ್ಜದಲ್ಲಿ ನಿಂತಾಗ ಧ್ವನಿತಂತುಗಳು ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗುತ್ತವೆ. ಕಿರುಚಿ ಮಾತನಾಡಿದಾಗ ತಾಗುವ ರಭಸವೂ ಹೆಚ್ಚುತ್ತದೆ. ತಾಗುವ ಸ್ಥಳದಲ್ಲಿ ಮೊದಲು ಊತ ಬರುತ್ತದೆ, ಅದಕ್ಕೆ ವಿಶ್ರಾಂತಿ ಸಿಗದಿದ್ದರೆ ಕಾಲಕ್ರಮೇಣ ಗಂಟುಗಳಾಗುತ್ತವೆ. ಗಂಟುಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯಿಲ್ಲದೆ, ಧ್ವನಿ ಚಿಕಿತ್ಸೆಯಿಂದಲೇ ಕರಗುತ್ತವೆ. ಆದ್ದರಿಂದ ಹೆದರಿ ವೈದ್ಯರನ್ನು ತಪ್ಪಿಸಿಕೊಳ್ಳುವ ಅಗತ್ಯವಿಲ್ಲ.

ನಾವು ನುಂಗುವ ನೀರಾಗಲಿ, ಕಷಾಯವಾಗಲಿ ಧ್ವನಿತಂತುವನ್ನು ಮುಟ್ಟುವುದೇ ಇಲ್ಲ. ಅದು ಅನ್ನನಾಳಕ್ಕೆ ಹೋಗುತ್ತದೆ. ಧ್ವನಿತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ. ಜ್ಯೇಷ್ಠಮಧು ಗಂಟಲಿಗೆ ಹಿತವೆನಿಸಬಹುದು, ಆದರೆ ಧ್ವನಿತಂತು ಒದ್ದೆಯಾಗಿರಬೇಕಾದರೆ ಇಡೀ ದೇಹದಲ್ಲಿ ನೀರಿನಂಶ ಚೆನ್ನಾಗಿರಬೇಕು. ಆಟಕ್ಕೆ ಕುಳಿತ ಮೇಲೆ ಕುಡಿದ ನೀರಿಗಿಂತ ಅಂದು ಮಧ್ಯಾಹ್ನದಿಂದ ಕುಡಿಯುತ್ತಾ ಬಂದ ನೀರು ಹೆಚ್ಚು ಪ್ರಯೋಜನಕಾರಿ. ರಕ್ತದೊತ್ತಡ ಇರುವವರು ಜ್ಯೇಷ್ಠಮಧುವನ್ನು ಪ್ರತಿದಿನ ಸೇವಿಸಬಾರದು, ಏಕೆಂದರೆ ಅದು ಒತ್ತಡವನ್ನು ಏರಿಸಬಲ್ಲದು. ಶೀತಕ್ಕೆಂದು ನುಂಗುವ ಕೆಲವು ಮಾತ್ರೆಗಳೂ ಗಂಟಲನ್ನು ಒಣಗಿಸುತ್ತವೆ.

ಹಾಡುವ ಮುನ್ನ ಸಣ್ಣ ಕೊಳವೆಯನ್ನು ತುಟಿಗಳ ನಡುವೆ ಇಟ್ಟು, ಅದರ ತುದಿಯನ್ನು ಲೋಟದ ನೀರಿನಲ್ಲಿ ಎರಡು ಬೆರಳಿನಷ್ಟು ಮುಳುಗಿಸಿ, ಗುಳ್ಳೆ ಏಳುವಂತೆ ‘ಊ’ ಎಂದು ನುಡಿಸುತ್ತಾ ಶ್ರುತಿಯನ್ನು ಮೇಲಕ್ಕೂ ಕೆಳಕ್ಕೂ ಜಾರಿಸಿ. ಐದು ನಿಮಿಷ ಹೀಗೆ ಮಾಡಿದರೆ ಧ್ವನಿತಂತುಗಳು ಹೆಚ್ಚು ಘರ್ಷಣೆಯಿಲ್ಲದೆ ಸಿದ್ಧವಾಗುತ್ತವೆ. ಸ್ವರ ಕೆಟ್ಟ ದಿನ ಪಿಸುಮಾತಿನಲ್ಲಿ ಶ್ರಮಪಟ್ಟು ಮಾತನಾಡುವುದಕ್ಕಿಂತ ಮೌನವೇ ಮೇಲು. ಇನ್ನು ಇಡೀ ರಾತ್ರಿಯ ಆಟ ಮುಗಿಸಿ ಬೆಳಗಿನ ಜಾವ ಹೊಟ್ಟೆ ತುಂಬ ಉಂಡು ತಕ್ಷಣ ಮಲಗುವ ಅಭ್ಯಾಸದಿಂದ ಹೊಟ್ಟೆಯ ಆಮ್ಲ ಗಂಟಲಿನವರೆಗೂ ಏರಿ ಧ್ವನಿತಂತುವನ್ನು ಕೆರಳಿಸುತ್ತದೆ. ಎದೆಯುರಿ ಇಲ್ಲದೆಯೂ ಹೀಗಾಗಬಹುದು. ಸ್ವರ ಒಡೆದದ್ದು ಮೂರು ವಾರ ಮೀರಿದರೆ ಕಿವಿ, ಮೂಗು, ಗಂಟಲಿನ ವೈದ್ಯರಿಂದ ಧ್ವನಿತಂತುವಿನ ಪರೀಕ್ಷೆ ಆಗಲೇಬೇಕು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿಯ ಪರೀಕ್ಷೆಗೂ ಚಿಕಿತ್ಸೆಗೂ ವ್ಯವಸ್ಥೆಯಿದೆ.

ಅರ್ಥಧಾರಿಗಳ ಗಮನಕ್ಕೆ ತರಲೇಬೇಕಾದ ಸಂಗತಿಯೊಂದಿದೆ. ಚೌಕಿಯಲ್ಲೂ (ವೇಷ ಕಟ್ಟುವ ಬಣ್ಣದ ಮನೆ) ಕೂಟದಲ್ಲೂ ಕವಳ (ಎಲೆಯಡಿಕೆ) ಹಾಕುವ ರೂಢಿ ನಮ್ಮಲ್ಲಿ ಆಳವಾಗಿದೆ. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅದಕ್ಕೂ ಮೊದಲೇ ಕಾಣಿಸಿಕೊಳ್ಳುವುದು ಕೆನ್ನೆಯ ಒಳಪೊರೆ ಗಡುಸಾಗಿ ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ. ಬಾಯಿ ತೆರೆಯದಿದ್ದರೆ ಅರ್ಥಗಾರಿಕೆಯ ಅಕ್ಷರಶುದ್ಧಿ ಎಲ್ಲಿಂದ ಬರಬೇಕು? ಅಡಿಕೆ ಬೆಳೆಯುವ ಕುಟುಂಬದಿಂದಲೇ ಬಂದವಳಾದ್ದರಿಂದ ಈ ಮಾತನ್ನು ಹಗುರವಾಗಿ ಆಡುತ್ತಿಲ್ಲ.

ಮಹಿಳಾ ತಂಡದ ವೇಷಧಾರಿ, ಮಂಗಳೂರು

ಇಷ್ಟು ಒಳ್ಳೆಯ ಚರ್ಚೆಯಲ್ಲಿ ನೀರಿನ ಮಾತು ಬಂದದ್ದರಿಂದ, ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಹೇಳದ ವಿಷಯವನ್ನು ಹೇಳುತ್ತೇನೆ. ವೇಷ ಕಟ್ಟಿದ ಮೇಲೆ ಶೌಚಕ್ಕೆ ಹೋಗಲಾಗುವುದಿಲ್ಲವೆಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಅನೇಕರು ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಕಚ್ಚೆ, ದಗಲೆ, ಎದೆಪದಕ, ಭುಜಕೀರ್ತಿ ಎಲ್ಲವನ್ನೂ ಹಗ್ಗದಲ್ಲಿ ಬಿಗಿದ ಮೇಲೆ ಬಿಚ್ಚಿ ಮತ್ತೆ ಕಟ್ಟುವುದು ಆಗದ ಮಾತು. ಕರಾವಳಿಯ ಸೆಕೆಯಲ್ಲಿ, ದೀಪಗಳ ಕೆಳಗೆ, ಆ ದಪ್ಪ ಬಟ್ಟೆಗಳೊಳಗೆ ಕುಣಿದಾಗ ಬೆವರು ಧಾರಾಕಾರವಾಗಿ ಇಳಿಯುತ್ತದೆ. ತಲೆಸುತ್ತು, ಕಾಲಿನ ಸೆಳೆತ, ಮರುದಿನ ಉರಿಮೂತ್ರ, ಇವುಗಳನ್ನು ಆಟದ ಆಯಾಸವೆಂದು ತಳ್ಳಿಹಾಕುತ್ತೇವೆ.

ನಮ್ಮ ತಂಡದಲ್ಲಿ ಈಗ ಒಂದು ಕ್ರಮ ಮಾಡಿಕೊಂಡಿದ್ದೇವೆ. ಬಣ್ಣಕ್ಕೆ ಕೂರುವವರೆಗೂ ಧಾರಾಳವಾಗಿ ನೀರು ಕುಡಿಯುತ್ತೇವೆ. ವೇಷ ಬಿಗಿಯುವ ಮುನ್ನ ಕೊನೆಯ ಬಾರಿ ಶೌಚಕ್ಕೆ ಹೋಗಿಬರಲು ಎಲ್ಲರಿಗೂ ಸಮಯ ಕೊಡುತ್ತೇವೆ. ರಂಗದಿಂದ ಚೌಕಿಗೆ ಬಂದಾಗಲೆಲ್ಲ ಉಪ್ಪು ಹಾಕಿದ ನೀರುಮಜ್ಜಿಗೆಯನ್ನೋ ಓಆರ್‌ಎಸ್ ಅನ್ನೋ ಗುಟುಕು ಗುಟುಕಾಗಿ ಕುಡಿಯುತ್ತೇವೆ. ಆಟಕ್ಕೆ ಕರೆಯುವ ಸಂಘಟಕರ ಬಳಿ ಚೌಕಿಯ ಹತ್ತಿರವೇ ಸ್ವಚ್ಛವಾದ ಶೌಚಾಲಯ ಇರಬೇಕೆಂದು ಮೊದಲೇ ಕೇಳುತ್ತೇವೆ. ಹೀಗೆ ಕೇಳಲು ಆರಂಭದಲ್ಲಿ ಸಂಕೋಚವಿತ್ತು, ಈಗಿಲ್ಲ.

ಇನ್ನೊಂದು, ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಒಡ್ಡೋಲಗದ (ಪಾತ್ರದ ಪ್ರವೇಶದ ಕುಣಿತ) ಅರ್ಧದಲ್ಲೇ ಏದುಸಿರು ಬರುತ್ತಿದ್ದರೆ ಅದನ್ನು ಅಭ್ಯಾಸದ ಕೊರತೆಯೆಂದು ಗದರಿಸುವ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವಂತೆ ನಾಟ್ಯಗುರುಗಳು ಹೇಳಬೇಕೆಂಬುದು ನನ್ನ ವಿನಂತಿ. ನಮ್ಮ ತಂಡದ ಒಬ್ಬ ಅಕ್ಕ ವೈದ್ಯರ ಸಲಹೆಯಂತೆ ಕೆಲವು ತಿಂಗಳು ಕಬ್ಬಿಣಾಂಶದ ಮಾತ್ರೆ ತೆಗೆದುಕೊಂಡ ಮೇಲೆ, ಯುದ್ಧದ ಪದ್ಯಗಳಿಗೆ ಪೂರ್ಣ ಕುಣಿತ ಕೊಟ್ಟು, ಆಮೇಲೆ ಏದುಸಿರಿಲ್ಲದೆ ಅರ್ಥ ಹೇಳುವಷ್ಟಾದರು.

ಪ್ರಸಾಧನದ ಆಸಕ್ತ, ಕಾಸರಗೋಡು

ಬಣ್ಣಗಾರಿಕೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಾಂಪ್ರದಾಯಿಕ ಹಳದಿಯಾದ ಅರದಾಳ ಎಂದರೆ ಆರ್ಸೆನಿಕ್ ಸಲ್ಫೈಡ್. ಕೆಂಪಿಗೆ ಬಳಸುವ ಇಂಗಳೀಕ ಎಂದರೆ ಪಾದರಸದ ಸಲ್ಫೈಡ್. ಇವು ಗಂಟೆಗಟ್ಟಲೆ ಮುಖದ ಮೇಲಿರುತ್ತವೆ, ಬೆವರಿನೊಡನೆ ಕಣ್ಣಿಗೂ ಬಾಯಿಗೂ ಇಳಿಯುತ್ತವೆ. ಚರ್ಮಕ್ಕೆ ಸುರಕ್ಷಿತವಾದ ಬಣ್ಣಗಳು ಈಗ ಪೇಟೆಯಲ್ಲಿ ಸಿಗುತ್ತವೆ. ಬಣ್ಣದ ವೇಷದ (ರಾಕ್ಷಸ ಪಾತ್ರಗಳ) ಗಾಂಭೀರ್ಯಕ್ಕೆ ಅವುಗಳಿಂದ ಕುಂದು ಬಂದದ್ದನ್ನು ನಾನು ಕಂಡಿಲ್ಲ. ಬಣ್ಣ ಹಚ್ಚುವ ಮುನ್ನ ತೆಳುವಾಗಿ ತೆಂಗಿನೆಣ್ಣೆ ಸವರಿ, ಆಟ ಮುಗಿದ ಮೇಲೆ ಎಣ್ಣೆಯಿಂದಲೇ ನಿಧಾನವಾಗಿ ತೆಗೆಯಬೇಕು. ಸೋಪು ಹಾಕಿ ಗಸಗಸನೆ ಉಜ್ಜಬಾರದು. ಹುಡುಗರ ಮುಖಕ್ಕಂತೂ ಹಳೆಯ ಪುಡಿಗಳು ಬೇಡವೇ ಬೇಡ.

ಚೆಂಡೆ ಕಲಿಯುತ್ತಿರುವವ, ದುಬೈ

ಎಲ್ಲರ ಬರಹಗಳನ್ನು ಗಮನವಿಟ್ಟು ಓದಿದೆ. ಹಿಮ್ಮೇಳದವರ ಕಿವಿಯ ಬಗ್ಗೆ ಯಾರೂ ಬರೆದಿಲ್ಲ. ನಾವು ಇಲ್ಲಿ ಸಣ್ಣ ಫ್ಲ್ಯಾಟಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಚೆಂಡೆ ಮದ್ದಳೆಗಳನ್ನು ಒಟ್ಟಿಗೆ ಅಭ್ಯಾಸ ಮಾಡುತ್ತೇವೆ. ಮನೆಗೆ ಹೋದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬಹಳ ಹೊತ್ತು ಇರುತ್ತದೆ. ಇದು ಸಹಜವೇ? ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕೇ?

ವಾಕ್ ಚಿಕಿತ್ಸಕಿ, ಮೈಸೂರು

ಸಹಜವಲ್ಲ. ಅದು ಒಳಕಿವಿಯ ರೋಮಕೋಶಗಳು ದಣಿದಿವೆ ಎಂಬುದರ ಸೂಚನೆ. ಆ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಎಂಬುದು ವ್ಯಾಪಕವಾಗಿ ಬಳಕೆಯಲ್ಲಿರುವ ಸುರಕ್ಷಾ ಮಿತಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. 94 ಡೆಸಿಬೆಲ್‌ಗೆ 1 ಗಂಟೆ, 100 ಡೆಸಿಬೆಲ್‌ಗೆ ಕೇವಲ 15 ನಿಮಿಷ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ನಿಮ್ಮ ಕೋಣೆಯಲ್ಲಿ ಅಳೆದು ನೋಡಿ; ನಿಖರವಾಗಿರದಿದ್ದರೂ ಅಂದಾಜು ಸಿಗುತ್ತದೆ.

ಹತ್ತಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಾಮಾನ್ಯ ಫೋಮ್ ಬಿರಡೆಗಳು ತಾರದ ಸದ್ದನ್ನೇ ಹೆಚ್ಚು ನುಂಗಿಬಿಡುವುದರಿಂದ ಚೆಂಡೆಯ ನುಡಿಕಾರ (ಪೆಟ್ಟುಗಳ ನಾದ) ಮಸುಕಾಗಿ ಕೇಳುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಬಿರಡೆಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ಭಾಗವತರ ಪದ್ಯವೂ ಜಾಗಟೆಯೂ ಸ್ಪಷ್ಟವಾಗಿ ಕೇಳುತ್ತವೆ. ಅವುಗಳನ್ನು ತೆಗೆದುಕೊಳ್ಳಿ. ಅಭ್ಯಾಸದ ನಡುವೆ ಕಿವಿಗೆ ಬಿಡುವು ಕೊಡಿ, ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ.

ತೆಂಕಿನ ಹವ್ಯಾಸಿ, ಬೆಂಗಳೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾನು ಕೇಳಿದ್ದರಲ್ಲಿ ನಿದ್ದೆಯ ವಿಷಯವೊಂದು ಉಳಿದಿದೆ. ಕಾಲಮಿತಿಯ ಆಟಗಳು ಹೆಚ್ಚಾಗಿದ್ದರೂ ಊರಿನ ಹರಕೆಯಾಟಗಳಿಗೆ ಅತಿಥಿಯಾಗಿ ಹೋದಾಗ ರಾತ್ರಿಯಿಡೀ ಎಚ್ಚರವಿರಬೇಕಾಗುತ್ತದೆ. ಆಮೇಲೆ ಬಣ್ಣ ತೆಗೆದು ಶಿರಾಡಿ ಘಾಟಿಯಲ್ಲಿ ಕಾರು ಓಡಿಸಿಕೊಂಡು ಸೋಮವಾರದ ಕೆಲಸಕ್ಕೆ ಹಾಜರಾಗುವವರು ನಮ್ಮಲ್ಲಿದ್ದಾರೆ.

ಕುಂದಾಪುರದ ಫಿಸಿಯೋಥೆರಪಿಸ್ಟ್

ಅಣ್ಣಾ, ಅದನ್ನು ದಯವಿಟ್ಟು ನಿಲ್ಲಿಸಿ. ಒಂದು ಇಡೀ ರಾತ್ರಿ ನಿದ್ದೆಗೆಟ್ಟವನ ಪ್ರತಿಕ್ರಿಯೆ ಮದ್ಯ ಸೇವಿಸಿದವನಷ್ಟೇ ನಿಧಾನವಾಗಿರುತ್ತದೆ. ಚೌಕಿಯಲ್ಲಿಯೇ ಎರಡು ಮೂರು ಗಂಟೆ ಮಲಗಿ ಹೊರಡಿ, ಇಲ್ಲವೇ ಬಸ್ಸಿಗೆ ಬನ್ನಿ. ಆಟದ ಹಿಂದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದ್ದರೆ ರಾತ್ರಿಯ ಕುಣಿತಕ್ಕೂ ಒಳ್ಳೆಯದು. ಕಲಿಕೆಗೂ ನಿದ್ದೆಗೂ ನೇರ ಸಂಬಂಧವಿದೆ: ಹೊಸದಾಗಿ ಕಲಿತ ಚಲನೆಗಳನ್ನು ಮೆದುಳು ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿಯೇ. ಹೊಸ ತಾಳದ ಹೆಜ್ಜೆಯನ್ನು ಸಂಜೆ ಕಲಿತು ಚೆನ್ನಾಗಿ ಮಲಗಿದವನಿಗೆ ಅದು ಮರುದಿನ ಹೆಚ್ಚು ಸಲೀಸಾಗಿ ಬರುತ್ತದೆ.

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಇಡೀ ರಾತ್ರಿಯ ಆಟಕ್ಕೆ ಮುನ್ನ ವೈದ್ಯರೊಡನೆ ಮಾತನಾಡಿ ಊಟ ಮತ್ತು ಮಾತ್ರೆಯ ಸಮಯವನ್ನು ನಿಗದಿ ಮಾಡಿಕೊಳ್ಳಬೇಕು. ಕೆಲವು ಮಾತ್ರೆಗಳನ್ನು ನುಂಗಿ ಊಟ ತಪ್ಪಿಸಿ ಕುಣಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯುತ್ತದೆ. ಬೆವರು, ನಡುಕಗಳು ವೇಷದೊಳಗೆ ಯಾರಿಗೂ ಕಾಣುವುದಿಲ್ಲ. ಬರಿಗಾಲಿನಲ್ಲಿ ಕುಣಿಯುವ ಅಂಥವರು ಆಟ ಮುಗಿದ ಮೇಲೆ ಪಾದದ ಅಡಿಯನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು, ಏಕೆಂದರೆ ಸ್ಪರ್ಶ ಕುಂದಿದ ಪಾದಕ್ಕೆ ಗಾಯದ ನೋವು ತಿಳಿಯದು. ನಲವತ್ತು ದಾಟಿದ ಪ್ರತಿಯೊಬ್ಬರೂ ಹಂಗಾಮಿಗೆ ಮುನ್ನ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಬೇಕು; ಕುಣಿಯುವಾಗ ಎದೆ ಹಿಡಿದಂತಾದರೆ, ಎಡತೋಳಿಗೋ ದವಡೆಗೋ ನೋವು ಹರಡಿದರೆ ಪ್ರಸಂಗ ನಿಂತರೂ ಚಿಂತೆಯಿಲ್ಲ, ವೇಷದಲ್ಲಿಯೇ ಆಸ್ಪತ್ರೆಗೆ ಹೋಗಬೇಕು.

ಮಲೆನಾಡ ಅರ್ಥಧಾರಿ, ಶಿರಸಿ

ನಮ್ಮ ಕೂಟದಲ್ಲಿ ಮುಂದಿನ ತಾಳಮದ್ದಳೆಯ ದಿನ ಮಧ್ಯಾಹ್ನ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಇಟ್ಟುಕೊಳ್ಳಲು ಊರಿನ ವೈದ್ಯರೊಬ್ಬರನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ. ಕವಳದ ತಟ್ಟೆಯ ಬದಲು ಬಿಸಿನೀರಿನ ಹೂಜಿ ಇಡುವ ಮಾತನ್ನೂ ಆಡಿದ್ದೇನೆ. ಇಬ್ಬರು ಮುನಿಸಿಕೊಂಡಿದ್ದಾರೆ, ಅವರನ್ನು ಒಪ್ಪಿಸುವ ಕೆಲಸ ನನಗಿರಲಿ. ಕೊಳವೆಯಲ್ಲಿ ಗುಳ್ಳೆ ಎಬ್ಬಿಸುವ ಅಭ್ಯಾಸವನ್ನು ಊಟವಾದ ತಕ್ಷಣ ಮಾಡಬಹುದೇ, ತಂಗೀ?

ವಾಕ್ ಚಿಕಿತ್ಸಕಿ, ಮೈಸೂರು

ಊಟವಾಗಿ ಒಂದು ಗಂಟೆಯಾದರೂ ಕಳೆಯಲಿ, ಹಿರಿಯರೆ. ತುಂಬಿದ ಹೊಟ್ಟೆ ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಒತ್ತುವುದರಿಂದ ಉಸಿರು ಪೂರ್ತಿ ಇಳಿಯುವುದಿಲ್ಲ. ಕೂಟ ಆರಂಭವಾಗುವುದಕ್ಕೆ ಕಾಲು ಗಂಟೆ ಮುಂಚೆ ಮಾಡಿ, ಮುಗಿದ ಮೇಲೆಯೂ ಎರಡು ನಿಮಿಷ ಕೆಳಶ್ರುತಿಯಲ್ಲಿ ಮಾಡಿ ಮಲಗಿ.